ಮಾರ್ಕೆನ್ ಏರಿಯ ಮೇಲೆ ವಿಮಲೆಯ ಸವಾರಿ, ಸಾಕ್ಷ್ಯಸಮೇತ

ಹಲಸೂರು

ಜನ ಪರದೇಶಕ್ಕೆ ವಿದ್ಯೆಗಾಗಿ ಹೋಗುತ್ತಾರೆ, ಉದ್ಯೋಗಕ್ಕಾಗಿ ಹೋಗುತ್ತಾರೆ, ಮಗಳ ಬಾಣಂತನಕ್ಕಾಗಿ ಹೋಗುತ್ತಾರೆ. ನಾನೂ ನನ್ನ ಹೆಂಡತಿ ವಿಮಲೆಯೂ ಹಾಲೆಂಡಿಗೆ ಹೋದದ್ದು ಅವಳ ಅಕ್ಕನ ಬಾಯಿ ಮುಚ್ಚಿಸುವುದಕ್ಕಾಗಿ. ಇದಕ್ಕಿಂತ ಘನವಾದ ಉದ್ದೇಶವಿಟ್ಟುಕೊಂಡು ಹಲಸೂರಿನಿಂದ ಯಾರೂ ವಿಮಾನ ಹತ್ತಿದ್ದು ನನಗೆ ತಿಳಿದಿಲ್ಲ.

ಅಕ್ಕನ ಹೆಸರು ಕಮಲಕ್ಕ. ವಾಸ ಬೆನ್ಸನ್ ಟೌನ್. ಆಕೆಯ ಬಳಿ ಒಂದು ಕತೆಯಿದೆ. ವಿಮಲೆ ಫ್ರಾಕು ತೊಡುತ್ತಿದ್ದ ಕಾಲದಲ್ಲಿ ಅಪ್ಪನ ಸೈಕಲ್ಲನ್ನು ಕದ್ದು, ಬಾರಿನ ಕೆಳಗೆ ಕಾಲು ತೂರಿಸಿ, ಹಲಸೂರು ಮಾರ್ಕೆಟ್ಟಿನ ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋಗಿ ಒಬ್ಬಾಕೆಯ ಬದನೆಕಾಯಿ ಬುಟ್ಟಿಯೊಳಗೆ ಇಳಿದಳಂತೆ. ಕತೆ ಇಷ್ಟೇ. ಆದರೆ ನಮ್ಮ ಬಳಗದ ಮದುವೆಗಳಲ್ಲಿ ಬದನೆಕಾಯಿಯ ಪಲ್ಯ ತಪ್ಪುವುದಿಲ್ಲ. ಪಲ್ಯದ ಬಕೆಟ್ಟು ಪಂಕ್ತಿಯ ಆ ತುದಿಯಲ್ಲಿ ಕಾಣಿಸಿತೆಂದರೆ ಈ ತುದಿಯಲ್ಲಿ ಕಮಲಕ್ಕ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೊದಮೊದಲು ಒಂದು ಬುಟ್ಟಿಯಿತ್ತು. ನನ್ನ ಮದುವೆಯ ಹೊತ್ತಿಗೆ ಗಾಡಿಯಾಗಿತ್ತು. ಈಚೆಗೆ ಲಾರಿಯಾಗುವ ಲಕ್ಷಣ ತೋರುತ್ತಿತ್ತು. ಮನೆಗೆ ಬಂದ ಹೊಸ ಸೊಸೆಯಂದಿರಿಗೆಲ್ಲ ವಿಮಲೆಯ ಪರಿಚಯವಾಗುತ್ತಿದ್ದುದು ಈ ತರಕಾರಿಯ ಮೂಲಕವೇ.

ವಿಮಲೆ ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಐವತ್ತು ದಾಟಿದ ಮೇಲೆ ಒಂದು ಮದುವೆಯಿಂದ ಬಂದವಳು, ರೇಷ್ಮೆ ಸೀರೆಯನ್ನೂ ಬದಲಿಸದೆ ನನ್ನೆದುರು ನಿಂತು, "ರೀ, ನಂಗೆ ಸೈಕಲ್ ಕಲಿಸಿ" ಎಂದಳು.

ಕಲಿಸಿದೆ. ಬೆಳಕು ಹರಿಯುವ ಹೊತ್ತಿಗೆ, ಕೆರೆಯ ಆಚೆಯ ಮಿಲಿಟರಿ ರಸ್ತೆಯಲ್ಲಿ. ಅವಳದು ಒಂದೇ ಷರತ್ತು: ಗುರುತಿನವರು ಯಾರೂ ನೋಡಕೂಡದು. ನೋಡುತ್ತಿದ್ದವನು ಗೇಟಿನ ಕಾವಲಿನ ಸಿಪಾಯಿಯೊಬ್ಬನೇ. ಅವನು ಅದನ್ನು ಸೇನೆಯ ರಹಸ್ಯವೆಂದು ಭಾವಿಸಿ ಕಾಪಾಡಿದ. ಕಲಿತ ಮೇಲೂ ನಮ್ಮ ಬೀದಿಯಲ್ಲಿ ಹೊಡೆಯಲು ಅವಳು ಒಪ್ಪಲಿಲ್ಲ. "ಈ ವಯಸ್ಸಲ್ಲಿ ಇದೆಂಥ ಹುಚ್ಚು ಅಂತಾರೆ. ಹಾಲಿನೋನು, ಇಸ್ತ್ರಿಯೋನು, ಎದುರು ಮನೆ ಮಾಮಿ, ಎಲ್ರಿಗೂ ನಾನು ಉತ್ತರ ಕೊಡ್ಬೇಕಾ?" ಎಂದಳು. ಕಮಲಕ್ಕನಿಗೆ ಫೋನಿನಲ್ಲಿ ಹೇಳಿದ್ದಕ್ಕೆ ಆಕೆ, "ಸುಮ್ನಿರೇ! ನೀನು ಸೈಕಲ್ ಹೊಡಿಯೋದು ನಾನು ಕಣ್ಣಾರೆ ಕಂಡ ದಿನ ನಂಬ್ತೀನಿ" ಎಂದು ಇಟ್ಟುಬಿಟ್ಟರು.

ಹೀಗೆ, ಗುರುತಿನವರು ಯಾರೂ ಇಲ್ಲದ ಕಡೆ ಹೊಡೆಯಬೇಕು, ಆದರೆ ಕಮಲಕ್ಕ ಕಣ್ಣಾರೆ ಕಾಣಬೇಕು ಎಂಬ ಪೇಚು ಹುಟ್ಟಿತು. ಬಿಡಿಸಿದವನು ಯಾನ್.

ಯಾನ್ ಹಾಲೆಂಡಿನವನು. ಗರುಡಾಚಾರ್‌ಪಾಳ್ಯದ ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ. ದಿನವೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದ. ಹೆಲ್ಮೆಟ್ಟಿನ ಮೇಲೆ ಒಂದು ಕ್ಯಾಮೆರಾ ಕಟ್ಟಿಕೊಂಡು ದಾರಿಯನ್ನೆಲ್ಲ ಚಿತ್ರ ಹಿಡಿಯುತ್ತಿದ್ದ. ಅದು ಟಾರ್ಚಿಗಿಂತ ಗಿಡ್ಡ, ಕನ್ನಡಕದ ಡಬ್ಬಿಗಿಂತ ದಪ್ಪ. ಆಗ ಹಳೇ ಮದ್ರಾಸು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಯಾರ ಅಂಗಡಿ ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ಊರೆಲ್ಲ ಉಸಿರು ಬಿಗಿಹಿಡಿದಿತ್ತು. ತಲೆಯ ಮೇಲೆ ಯಂತ್ರ ಹೊತ್ತ ಬಿಳಿಯನನ್ನು ಕಂಡು ಅಂಗಡಿಯವರು ಅಳತೆ ತೆಗೆಯಲು ಬಂದ ಮೆಟ್ರೋ ಸಾಹೇಬನೆಂದೇ ತಿಳಿದು, "ಗುರು, ಬನ್ನಿ ಗುರು, ಕಾಫಿ ಕುಡೀರಿ. ನಮ್ದು ಬಿಟ್ಟು ಆ ಕಡೆ ಅಳೀರಿ" ಎಂದು ಉಪಚರಿಸುತ್ತಿದ್ದರು. ಯಾನ್ ಕನ್ನಡ ಕಲಿತದ್ದು ಈ ಕಾಫಿಗಳಲ್ಲಿ.

ಅವನು ಚಿತ್ರ ಹಿಡಿಯುತ್ತಿದ್ದುದು ಅವನ ತಾಯಿಗಾಗಿ. ನಮ್ಮ ರಸ್ತೆಗಳನ್ನು ಬಾಯಲ್ಲಿ ಬಣ್ಣಿಸಿದರೆ ಆಕೆ ನಂಬುತ್ತಿರಲಿಲ್ಲವಂತೆ. ಕೆ.ಆರ್. ಪುರಂ ತೂಗುಸೇತುವೆಯ ಹತ್ತಿರ ಎರಡು ಬಸ್ಸುಗಳ ನಡುವೆ ಅವನು ನುಸುಳಿದ್ದನ್ನು ನೋಡಿ ನಂಬಿದರು; ಅಂದಿನಿಂದ ನಿದ್ದೆ ಬಿಟ್ಟರು.

ಊರಿಗೆ ಮರಳುವಾಗ ಯಾನ್, "ಸಾರ್, ಆಂಟಿನ ಕರ್ಕೊಂಡು ನಮ್ಮೂರಿಗೆ ಬನ್ನಿ. ಅಲ್ಲಿ ಆಂಟಿ ಸೈಕಲ್ ಹೊಡೀಲಿ, ನೀವು ಹಿಂದೆ ಬಂದು ಹಿಡೀರಿ" ಎಂದು ಆ ಕ್ಯಾಮೆರಾವನ್ನೂ ಹೆಲ್ಮೆಟ್ಟನ್ನೂ ನನ್ನ ಕೈಗೆ ಕೊಟ್ಟ. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸಿ, ಸಾಕ್ಷ್ಯ ಸಾಲದೆಂದು ಎಷ್ಟೋ ಜನರನ್ನು ಹಿಂದಕ್ಕೆ ಕಳಿಸಿದವನು ನಾನು. ಸಾಕ್ಷ್ಯವನ್ನು ನಾನೇ ಸಂಗ್ರಹಿಸುವ ಭಾಗ್ಯ ನಿವೃತ್ತಿಯ ನಂತರ ಒದಗಿತು.

ಮೊನಿಕೆಂಡಾಮ್

ಯಾನ್‌ನ ಊರು ಮೊನಿಕೆಂಡಾಮ್ ಸಮುದ್ರದ ಹಿನ್ನೀರಿನ ದಡದಲ್ಲಿದೆ. ಅಲ್ಲಿಯ ಮನೆಗಳ ಕಿಟಕಿಗಳು ದೊಡ್ಡವು. ಪರದೆ ಎಳೆಯುವ ಪದ್ಧತಿಯಿಲ್ಲ. ಯಾರ ಮನೆಯಲ್ಲಿ ಯಾರು ಏನು ಓದುತ್ತಿದ್ದಾರೆ, ಬೆಕ್ಕು ಎಲ್ಲಿ ಮಲಗಿದೆ, ಎಲ್ಲವೂ ಬೀದಿಗೆ ಕಾಣುತ್ತದೆ. ಸೋಜಿಗವೆಂದರೆ ಬೀದಿಯಲ್ಲಿ ಹೋಗುವವರು ಯಾರೂ ಒಳಗೆ ನೋಡುವುದಿಲ್ಲ. ನಮ್ಮಲ್ಲಿ ಪರದೆ ಎಳೆದಷ್ಟೂ ಇಣುಕುವವರು ಹೆಚ್ಚು. ವಿಮಲೆ ಎರಡು ದಿನ ಆ ಬೀದಿಯಲ್ಲಿ ಕಷ್ಟಪಟ್ಟು ನೆಲ ನೋಡಿಕೊಂಡು ನಡೆದಳು. ಮೂರನೆಯ ದಿನ ನೆರೆಯವರ ಪಿಂಗಾಣಿಯ ಬಗ್ಗೆ ಅವಳಿಗೆ ಪೂರ್ಣ ಮಾಹಿತಿಯಿತ್ತು.

ಯಾನ್‌ನ ತಾಯಿ ಗ್ರೀತ್. ಎಪ್ಪತ್ತು ದಾಟಿದವರು. ಬೆಳಗ್ಗೆ ಬ್ರೆಡ್ಡಿಗೆ, ಮಧ್ಯಾಹ್ನ ಮೀನಿಗೆ, ಸಂಜೆ ಸುಮ್ಮನೆ, ಹೀಗೆ ಮೂರು ಹೊತ್ತೂ ಸೈಕಲ್ ಹೊಡೆಯುವವರು. ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದರು. ನಾನು ಮನೆತನಸ್ಥನಂತೆ, "ಅಯ್ಯೋ, ಬೇಡ ಬೇಡ" ಎಂದೆ. ಡಬ್ಬಿ ಮುಚ್ಚಿತು. ಎರಡನೆಯ ಬಾರಿ ಒತ್ತಾಯ ಮಾಡುವರೆಂದು ಕಾದೆ. ಡಬ್ಬಿ ಬೀರುವಿನೊಳಗೆ ಹೋಯಿತು. ವಿಮಲೆ ಮೊದಲ ಸಲಕ್ಕೇ ತೆಗೆದುಕೊಂಡಿದ್ದಳು. ನನ್ನನ್ನು ನೋಡುತ್ತ ನಿಧಾನವಾಗಿ ತಿಂದಳು.

ಸೈಕಲ್ಲುಗಳು ಬಂದವು. ಎತ್ತರದ, ಕಪ್ಪು, ರಾಜಗಾಂಭೀರ್ಯದ ಸೈಕಲ್ಲುಗಳು. ಬ್ರೇಕಿನ ಹಿಡಿಯೇ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು ಎಂದು ಯಾನ್ ವಿವರಿಸಿದ. ತಿಳಿಯಿತು ಎಂದೆ. ಆದರೆ ತಿಳಿಯಬೇಕಾದದ್ದು ಕಾಲಿಗೆ. ಹಲಸೂರಿನ ಕಾಲಿಗೆ ಇಳಿಜಾರು ಸಿಕ್ಕಿದರೆ ಪೆಡಲನ್ನು ಹಿಂದಕ್ಕೆ ಟಿಕ್ ಟಿಕ್ ತಿರುಗಿಸುತ್ತ ವಿಶ್ರಮಿಸುವ ಅಭ್ಯಾಸ. ಒಂದು ಕಾಲುವೆಯ ಸೇತುವೆ ಇಳಿಯುವಾಗ ಹಾಗೆ ವಿಶ್ರಮಿಸಿದೆ. ಸೈಕಲ್ ಅಲ್ಲೇ ನಿಂತಿತು. ನಾನು ನಿಲ್ಲಲಿಲ್ಲ. ಹೂವಿನ ಕುಂಡವೊಂದರ ಪಕ್ಕದಲ್ಲಿ ಕುಳಿತ ಭಂಗಿಯಲ್ಲಿ ಭೂಸ್ಪರ್ಶ ಮಾಡಿದೆ.

ವಿಮಲೆ ಸೈಕಲ್ ನಿಲ್ಲಿಸಿ, ಹಿಂದಕ್ಕೆ ತುಳಿದೇ ಚಂದವಾಗಿ ನಿಲ್ಲಿಸಿ, "ಪೆಟ್ಟಾಯ್ತೇನ್ರೀ?" ಎಂದು ಕೇಳಿದಳು. ಇಲ್ಲ ಎಂದ ಮೇಲೆ ಮನಸಾರೆ ನಕ್ಕಳು. "ಬುಟ್ಟಿಯೊಳಗೆ ಬೀಳೋದು ವಾಸಿ ಕಣ್ರೀ. ಮೆತ್ತಗಿರುತ್ತೆ."

ಇನ್ನೊಂದು ವಿಷಯ. ಊರಿಗೆ ಊರೇ ಸೈಕಲ್ ಹೊಡೆಯುವ ಆ ನಾಡಿನಲ್ಲಿ ಹೆಲ್ಮೆಟ್ ಧರಿಸುವ ದೊಡ್ಡವರಿಲ್ಲ, ಪಂದ್ಯಕ್ಕೆ ಹೋಗುವವರನ್ನು ಬಿಟ್ಟರೆ. ನಾನು ಪಂದ್ಯದವನಂತೆ ಕಾಣುತ್ತಿರಲಿಲ್ಲ. ಸೇತುವೆಯ ಬಳಿ ಗಾಳ ಹಾಕಿ ಕುಳಿತಿದ್ದ ಮುದುಕರೊಬ್ಬರು ಗ್ರೀತ್ ಅವರನ್ನು ಏನೋ ಕೇಳಿದರು. ಯಾನ್ ಅನುವಾದಿಸಿದ: "ಪಾಪ, ತಲೆ ಆಪರೇಷನ್ ಆಗಿದ್ಯಾ ಅಂತ ಕೇಳ್ತಿದ್ದಾರೆ, ಸಾರ್. ಆ ಪೈಪ್ ಯಾಕೆ ಅಂತಾನೂ."

ಅಂದು ಸಂಜೆ ಕ್ಯಾಮೆರಾವನ್ನು ಯಾನ್‌ನ ಕಂಪ್ಯೂಟರಿಗೆ ಜೋಡಿಸಿದೆವು. ಅದಕ್ಕೆ ತನ್ನದೇ ಆದ ಪರದೆಯಿಲ್ಲ. ಹಗಲೆಲ್ಲ ಏನನ್ನು ನೋಡಿತೆಂಬುದು ದೀಪ ಹಚ್ಚಿದ ಮೇಲೇ ತಿಳಿಯುವುದು. ನಾಲ್ವರೂ ಕಾತರದಿಂದ ಕುಳಿತೆವು.

ಮೊದಲು ಹಾಲೆಂಡ್ ದೇಶವು ದೋಣಿಯಂತೆ ಎಡಕ್ಕೂ ಬಲಕ್ಕೂ ತೂಗಾಡುತ್ತಿರುವುದು ಕಾಣಿಸಿತು. ಭೂಕಂಪವಲ್ಲ. ಗ್ರೀತ್ ಪಕ್ಕದಲ್ಲಿ ಸವಾರಿ ಮಾಡುತ್ತ ಏನೋ ಹೇಳುತ್ತಿದ್ದರು. ನಾನು ನಮ್ಮವರ ರೀತಿಯಲ್ಲಿ, ಹೌದು ಹೌದೆಂದು ತಲೆಯಾಡಿಸುತ್ತಿದ್ದೆ. ಗ್ರೀತ್ ಪರದೆಯಿಂದ ಮುಖ ತಿರುಗಿಸಿ ನೀರು ಕುಡಿದರು.

ಆಮೇಲೆ ಸ್ವಲ್ಪ ಹೊತ್ತು ವಿಮಲೆ ಮುಂದೆ ಕಂಡಳು. ನೇರವಾಗಿ, ಠೀವಿಯಿಂದ. ಅಷ್ಟರಲ್ಲಿ ಚಿತ್ರ ಬಗ್ಗಿ ನನ್ನ ಹ್ಯಾಂಡಲ್ಲಿನ ಗಂಟೆಯನ್ನು ತೋರಿಸಿತು. ಗಂಟೆಯ ಮೇಲೆ ಬಿಡಿಸಿದ ಒಂದು ಸೂರ್ಯಕಾಂತಿ ಹೂವು. ಮತ್ತೆ ವಿಮಲೆ. ಮತ್ತೆ ಸೂರ್ಯಕಾಂತಿ. ಊರ ನಡುವಿನ ತಿರುವಿನಲ್ಲಿ ಅವಳು ಮಕ್ಕಳ ಗುಂಪಿನ ನಡುವೆ ದಾಟಿದ್ದು ನನಗೆ ನೆನಪಿತ್ತು. ಚಿತ್ರದಲ್ಲಿ ಬರೀ ಗಂಟೆ.

"ಸಾರ್, ಯಾಕೆ ಕೆಳಗೆ ನೋಡ್ತೀರಿ?" ಎಂದ ಯಾನ್.

ನನಗೂ ಹೊಳೆಯಲಿಲ್ಲ. ಹೊಳೆದದ್ದು ವಿಮಲೆಗೆ. "ಚರ್ಚು ಕಣೋ ಯಾನ್," ಎಂದಳು. "ಗೋಪುರ ಕಂಡಾಗಲೆಲ್ಲ ಕೈ ಮುಗೀತಿದ್ದಾರೆ ನಿಮ್ ಸಾರು."

ಇದನ್ನು ಓದುಗರು ಕೆಟ್ಟ ಚಟವೆಂದು ತಿಳಿಯಬಾರದು. ಹಲಸೂರಿನಿಂದ ಶಿವಾಜಿನಗರಕ್ಕೆ ವರ್ಷಗಟ್ಟಲೆ ಸೈಕಲ್ಲಿನಲ್ಲಿ ಓಡಾಡಿದವನ ಕುತ್ತಿಗೆ ಅವನ ಮಾತು ಕೇಳುವುದಿಲ್ಲ. ಸೋಮೇಶ್ವರನಿಗೆ ಒಮ್ಮೆ, ಕೆರೆಯ ಬಳಿಯ ಗುರುದ್ವಾರಕ್ಕೆ ಒಮ್ಮೆ, ದಾರಿಯ ದರ್ಗಾಕ್ಕೆ ಒಮ್ಮೆ, ಮೇರಿ ಮಾತೆಗೆ ಒಮ್ಮೆ ತಲೆ ತಾನಾಗಿಯೇ ತಗ್ಗಿ, ಬಲಗೈ ಎದೆ ಮುಟ್ಟಿ, ಹ್ಯಾಂಡಲ್ಲಿಗೆ ಮರಳುತ್ತದೆ. ಪೇಟೆಯ ಕಡೆಯವರು ತಮ್ಮ ತಮ್ಮ ದೇವರಿಗೆ ಮಾತ್ರ ಬಾಗಿ ಮುಗಿಸಬಹುದು. ದಂಡಿನ, ಎಂದರೆ ಕಂಟೋನ್ಮೆಂಟಿನ, ಕಡೆಯವರದು ಸರ್ವಧರ್ಮ ಸಮನ್ವಯದ ಕುತ್ತಿಗೆ. ಅದರ ಮೇಲೊಂದು ಕ್ಯಾಮೆರಾ ಕೂರಿಸಬಾರದೆಂದು ಯಾವ ತಯಾರಕನೂ ಎಚ್ಚರಿಸಿರಲಿಲ್ಲ.

"ನಾಳೆ ಒಂದು ದಿನ ದೇವರನ್ನ ಬಿಟ್ಬಿಡಿ, ಸಾರ್," ಎಂದ ಯಾನ್. ನಾಡಿದ್ದು ನಮ್ಮ ವಿಮಾನ.

"ಅಕ್ಕಂಗೆ ಏನು ತೋರಿಸ್ಲಿ? ಗಂಟೆನಾ?" ಎಂದಳು ವಿಮಲೆ. ನಗುವಿತ್ತು, ಆದರೆ ಅದು ಬದನೆಕಾಯಿ ಪಂಕ್ತಿಯಲ್ಲಿ ಅವಳು ನಗುತ್ತಿದ್ದ ನಗು. ನನಗೆ ಆ ರಾತ್ರಿಯ ಊಟ ರುಚಿಸಲಿಲ್ಲ.

ಏರಿ

ಮೊನಿಕೆಂಡಾಮಿನ ಆಚೆ ಮಾರ್ಕೆನ್ ಎಂಬ ಊರಿದೆ. ಹಿಂದೆ ಅದು ದ್ವೀಪ. ಈಗ ಸಮುದ್ರದ ನಡುವೆ ಒಂದು ಏರಿ ಹಾಕಿ ಅದನ್ನು ದಡಕ್ಕೆ ಕಟ್ಟಿದ್ದಾರೆ, ಹಸುವನ್ನು ಗೂಟಕ್ಕೆ ಕಟ್ಟಿದಂತೆ. ಕೆರೆಗೆ ಏರಿ ಕಟ್ಟಿದವರು ನಾವು. ಇವರು ಸಮುದ್ರಕ್ಕೇ ಕಟ್ಟಿಕೊಂಡು ಕುಳಿತಿದ್ದಾರೆ. ನಮ್ಮೂರಿನ ಪೂರ್ವದ ಕಡೆ ಕೆರೆಯ ನೀರು ತೆಗೆದು ಬಡಾವಣೆ ಮಾಡಿದರು, ಇಲ್ಲಿ ಸಮುದ್ರದ ನೀರು ತೆಗೆದು ಹೊಲ ಮಾಡಿದರು. ತತ್ತ್ವ ಒಂದೇ. ಮಳೆ ಬಂದಾಗ ನೀರು ತನ್ನ ಹಳೆಯ ವಿಳಾಸ ಹುಡುಕಿಕೊಂಡು ಇವರ ನಡುಮನೆಗೆ ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಆ ಏರಿಯ ಮೇಲೆ ಕಾಲು ಊರದೆ ಮಾರ್ಕೆನ್ ತಲುಪುವುದೆಂದು ವಿಮಲೆ ನಿಶ್ಚಯಿಸಿದ್ದಳು. ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ; ಎಡಕ್ಕೆ ನೀರು, ಬಲಕ್ಕೆ ನೀರು, ನಡುವೆ ಗಾಳಿ. ನನ್ನ ಕುತ್ತಿಗೆಗೆ ಬೇರೆ ಕೆಲಸವಿರಲಿಲ್ಲ. ಯಾನ್ ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿದು, ಗುಂಡಿ ಒತ್ತಿ, ಅದು ಕೀಂ ಎಂದ ಮೇಲೆ, "ಹೋಗಿ ಬನ್ನಿ, ಗುರು!" ಎಂದು ಬೆನ್ನು ತಟ್ಟಿದ. ಅವನೂ ಗ್ರೀತ್ ಅವರೂ ಕಾರಿನಲ್ಲಿ ಮುಂದೆ ಹೋಗಿ ಕಾಯುವುದೆಂದಾಯಿತು.

ವಿಮಲೆ ಹೊರಟಳು. ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಳು. ಜಡೆಯನ್ನು ಸ್ವೆಟರಿನೊಳಗೆ ತುರುಕಿದ್ದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಆ ಗಾಳಿಯನ್ನು ನಮ್ಮ ಆಷಾಢದ ಗಾಳಿಗೆ ಹೋಲಿಸಿದರೆ ಆಷಾಢಕ್ಕೆ ಸನ್ಮಾನ ಮಾಡಿದಂತಾಗುತ್ತದೆ. ನಾನು ತುಳಿದೆ. ಸೈಕಲ್ ಯೋಚಿಸಿತು. ವಿಮಲೆ ಮಾತ್ರ ಬೆನ್ನು ಬಗ್ಗಿಸಿ, ಹಟದಿಂದ, ಹಿಟ್ಟು ನಾದುವಾಗಿನ ಲಯದಲ್ಲಿ ಸಾಗಿದಳು. ನಮ್ಮ ನಡುವಿನ ಅಂತರ ಬೆಳೆಯಿತು.

"ಏನ್ರೀ, ಎಲ್ಲಿದ್ದೀರಿ? ಬೇಗ ಬನ್ರೀ! ನಾನು ಕಾಣ್ತಾ ಇದ್ದೀನಾ?" ಎಂದು ಗಾಳಿಯಲ್ಲಿ ಅವಳ ಕೂಗು ಬಂತು.

"ಕಾಣ್ತಿದ್ದೀಯ!" ಎಂದು ಕೂಗಿದೆ. ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಆಮೇಲೆ ಕಿರುಬೆರಳಿನಷ್ಟು. ಆಮೇಲೆ ಬೇಳೆಯಷ್ಟು. ಒಬ್ಬ ಅಜ್ಜಿ ಬುಟ್ಟಿಯಲ್ಲಿ ನಾಯಿಯನ್ನು ಕೂರಿಸಿಕೊಂಡು ನನ್ನನ್ನು ದಾಟಿ ಹೋದರು. ನಾಯಿ ತಿರುಗಿ ತಿರುಗಿ ನೋಡಿತು.

ಏರಿ ಮುಗಿಯುವ ಕಡೆ ನಾನು ಹೇಗೋ ಸಮೀಪಿಸಿದೆ. ಮುಂದೆ ಮಾರ್ಕೆನ್ನಿನ ಹಸಿರು ಬಣ್ಣದ ಮರದ ಮನೆಗಳು. ವಿಮಲೆ ಕಾಲು ಊರಿರಲಿಲ್ಲ. ಒಂದು ಸಲವೂ ಊರಿರಲಿಲ್ಲ. ಅವಳು ಹಿಂದಕ್ಕೆ ತಿರುಗಿದಳು. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರಿತ್ತು, ಗಾಳಿಯದೋ ಅವಳದೋ ತಿಳಿಯದು. ಸೈಕಲ್ ಓಡುತ್ತಿರುವಂತೆಯೇ ಬಲಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ತಲೆಯ ಮೇಲಕ್ಕೆತ್ತಿ ನನಗೆ ಬೀಸಿದಳು. ಒಂಟಿ ಕೈಯಲ್ಲಿ! ಬೀಳದೆ!

ನನ್ನ ಜನ್ಮದಲ್ಲಿ ಅಷ್ಟು ಚೆಲುವಾದದ್ದನ್ನು ನಾನು ನೋಡಿದ್ದು ಕಡಿಮೆ. ಅವಳ ಬೆನ್ನ ಹಿಂದೆ, ಮನೆಗಳ ಮೇಲೆ, ಮಾರ್ಕೆನ್ನಿನ ಚರ್ಚಿನ ಗೋಪುರ ಕಂಡಿತು.

ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಸಂಜೆ ಕಂಪ್ಯೂಟರ್ ಹೇಳಿತು. ಅವಳ ಕೈ ಹ್ಯಾಂಡಲ್ ಬಿಡುವುದು ಕಾಣುತ್ತದೆ, ಭುಜದವರೆಗೆ ಏರುತ್ತದೆ, ಆಮೇಲೆ, ಬಹಳ ಸ್ಪಷ್ಟವಾಗಿ, ಬಹಳ ಹೊತ್ತು, ಸೂರ್ಯಕಾಂತಿ.

ಯಾನ್ ತಲೆಯ ಮೇಲೆ ಕೈ ಹೊತ್ತು ಕುಳಿತ. ಗ್ರೀತ್ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿಯನ್ನು ತಂದು ವಿಮಲೆಯ ಮಡಿಲಲ್ಲಿ, ತೆರೆದೇ, ಇಟ್ಟುಬಿಟ್ಟರು. ಆ ಮನೆಯಲ್ಲಿ ಹಿಂದೆಂದೂ ಹಾಗೆ ನಡೆದಿರಲಿಲ್ಲವಂತೆ.

ಬೆನ್ಸನ್ ಟೌನ್

ಯಾನ್ ಇದ್ದುದನ್ನೆಲ್ಲ ಸೇರಿಸಿ ಒಂದು ಡಿವಿಡಿ ಮಾಡಿಕೊಟ್ಟಿದ್ದ. ಬಂದ ಭಾನುವಾರವೇ ಅದನ್ನು ಹಿಡಿದು ಬೆನ್ಸನ್ ಟೌನಿಗೆ ಹೋದೆವು. ಕಮಲಕ್ಕ ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು, ಟೀವಿಯ ಮುಂದೆ ನ್ಯಾಯಾಧೀಶರ ಭಂಗಿಯಲ್ಲಿ ಕುಳಿತರು. ಅಡುಗೆಯ ಸ್ಟೆಲ್ಲಾ ಕೂಡ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು.

ಚಿತ್ರ ಓಡಿತು. ಕಮಲಕ್ಕ ತಾಳ್ಮೆಯಿಂದ ನೋಡಿದರು.

"ಯಾಕೆ ದೇಶ ಅಲ್ಲಾಡ್ತಿದೆ?"

"ನಾನು ತಲೆ ಆಡಿಸ್ತಿದ್ದೆ, ಕಮಲಕ್ಕ."

"ಹೂಂ. ಈ ಬೆನ್ನು ಯಾರ್ದು?"

"ನಂದು ಕಣೇ!" ಎಂದಳು ವಿಮಲೆ.

"ಬೆನ್ನು ಯಾರ್ದಾದ್ರೂ ಆಗ್ಬೋದು." ಏರಿಯ ಭಾಗ ಬಂತು. "ಆ ಚುಕ್ಕಿ?"

"ಅದೂ ನಾನೇ."

"ಹಸು ಇದ್ದಂಗಿದೆ." ಗಾಳಿಯ ನಡುವೆ ವಿಮಲೆಯ ಕೂಗು ಕೇಳಿಸಿತು. "ಧ್ವನಿ ನಿಂದೇ, ಒಪ್ಕೋತೀನಿ. ಕೂಗೋಕೆ ಸೈಕಲ್ ಯಾಕೆ ಬೇಕು? ಕಾರಲ್ಲಿ ಕೂತೂ ಕೂಗ್ಬೋದು."

ಕೊನೆಗೆ ಆ ಕ್ಷಣ ಬಂತು. "ಈಗ ನೋಡಿ ಕಮಲಕ್ಕ, ಈಗ ಒಂಟಿ ಕೈ..." ಎಂದೆ. ಸೂರ್ಯಕಾಂತಿ ಅರಳಿತು. ಕಮಲಕ್ಕ ಅದನ್ನು ಪೂರ್ತಿ ನೋಡಿದರು.

"ಗಂಟೆ ಚೆನ್ನಾಗಿದೆ," ಎಂದರು.

ಮೂವತ್ತು ವರ್ಷಗಳಲ್ಲಿ ನಾನು ತಿರಸ್ಕರಿಸಿದ ಕ್ಲೇಮುದಾರರೆಲ್ಲ ಆ ಕೋಣೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದಂತಾಯಿತು. ಕಮಲಕ್ಕನ ಮುಖದಲ್ಲಿ ದುಷ್ಟತನವೇನೂ ಇರಲಿಲ್ಲ. ತಂಗಿಯ ಗಲ್ಲ ಸವರಿ, "ಹೋಗ್ಲಿ ಬಿಡೇ. ಹೋಗಿ ಬಂದ್ಯಲ್ಲ, ಅದೇ ದೊಡ್ಡದು. ಬಾ, ಊಟ ಮಾಡು. ಸ್ಟೆಲ್ಲಾ, ಪಲ್ಯ ಏನು?" ಎಂದರು.

"ಬದನೆಕಾಯಿ, ಅಮ್ಮಾ."

ಕಮಲಕ್ಕ ಗಂಟಲು ಸರಿಮಾಡಿಕೊಂಡರು.

ವಿಮಲೆ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಅಂಗಳಕ್ಕೆ ನಡೆದಳು. ಅಲ್ಲಿ ಗೋಡೆಗೆ ಒರಗಿಸಿದ್ದ ಸ್ಟೆಲ್ಲಾಳ ಲೇಡೀಸ್ ಸೈಕಲ್ಲನ್ನು ಹಿಡಿದಳು.

"ಅಯ್ಯೋ ಅಮ್ಮಾ, ಬ್ರೇಕ್ ಸ್ವಲ್ಪ ಕಮ್ಮಿ! ಪಾತ್ತು ಪೋಂಗಮ್ಮಾ, ನೋಡ್ಕೊಂಡು ಹೋಗಿ!" ಎಂದು ಸ್ಟೆಲ್ಲಾ ಹಿಂದೆ ಓಡಿದಳು.

ನಾವು ಗೇಟಿಗೆ ಬರುವಷ್ಟರಲ್ಲಿ ವಿಮಲೆ ಬೀದಿಯಲ್ಲಿದ್ದಳು. ಭಾನುವಾರದ ಮಧ್ಯಾಹ್ನ. ಇಡೀ ಬೀದಿಗೆ ಅವಳ ಗುರುತುಂಟು. ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿದವನು ಎತ್ತಿಯೇ ನಿಂತ. ಎದುರು ಮನೆಯ ಸಾಹೇಬರು ಪತ್ರಿಕೆ ಇಳಿಸಿ, "ಅರೆ ವಾ, ಬೆಹೆನ್‌ಜಿ!" ಎಂದರು. ವಿಮಲೆ ಅವರಿಗೆ ತಲೆ ಬಾಗಿಸಿ, ಗಂಟೆ ಹೊಡೆದು, ಮುಂದೆ ಹೋದಳು.

"ಏಯ್! ಬೀಳ್ತೀಯೇ! ಇಳಿಯೇ ಕೆಳಗೆ!" ಎಂದು ಕಮಲಕ್ಕ ಕೂಗಿದರು. ಮಂಡಿಯ ನೋವು ಮರೆತು ಗೇಟು ಹಿಡಿದು ತುದಿಗಾಲಲ್ಲಿ ನಿಂತಿದ್ದರು.

ವಿಮಲೆ ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿ ಮರೆಯಾದಳು.

ಕಾದೆವು. ಒಂದು ಆಟೋ ಬಂತು. ಒಂದು ನಾಯಿ ಬಂತು. ವಿಮಲೆ ಬರಲಿಲ್ಲ. "ಮೇನ್ ರೋಡಿಗೆ ಹೋದ್ಲೇನ್ರೀ? ಬಸ್ಸು ಲಾರಿ ಓಡಾಡ್ತಾವಲ್ರೀ! ಸುಮ್ನೆ ಕಂಬದ ಥರ ನಿಂತಿದ್ದೀರಲ್ಲ, ಹೋಗಿ ನೋಡ್ರೀ!" ಎಂದು ಕಮಲಕ್ಕ ನನ್ನ ಮೇಲೆ ಹರಿಹಾಯ್ದರು. ನಾನು ಚಪ್ಪಲಿ ಹುಡುಕುತ್ತಿದ್ದೆ. "ನಂದೇ ತಪ್ಪು. ಸುಮ್ನೆ ನಂಬಿದ್ದೀನಿ ಅಂದಿದ್ರೆ ಆಗ್ತಿತ್ತು" ಎಂದು ಆಕೆ ಸ್ಟೆಲ್ಲಾಳ ಕೈ ಹಿಡಿದುಕೊಂಡರು.

ಆಗ ಬೀದಿಯ ಇನ್ನೊಂದು ತುದಿಯಿಂದ, ನಾವು ಯಾರೂ ನೋಡದಿದ್ದ ಕಡೆಯಿಂದ, ಗಂಟೆ ಕೇಳಿಸಿತು. ವಿಮಲೆ ಇಡೀ ಬಡಾವಣೆಯನ್ನು ಸುತ್ತಿ ಬಂದಿದ್ದಳು. ಹಣೆಯ ಮೇಲೆ ಬೆವರು. ಕ್ಯಾರಿಯರಿನಲ್ಲಿ ಬೇಕರಿಯ ಕಾಗದ ಸುತ್ತಿದ, ಇನ್ನೂ ಬಿಸಿಯಿದ್ದ ಬ್ರೆಡ್ಡು. ಗೇಟಿನ ಮುಂದೆ ಬಂದು, ಒಂದು ಕಾಲು ಊರಿ, ಅಕ್ಕನ ಮುಖವನ್ನೇ ನೋಡುತ್ತ ನಿಂತಳು.

ಕಮಲಕ್ಕ ಅವಳನ್ನು ನೋಡಿದರು. ಸೈಕಲ್ಲನ್ನು ನೋಡಿದರು. ಕ್ಯಾರಿಯರನ್ನು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಬ್ರೆಡ್ಡನ್ನು ಎತ್ತಿ ಬಿಸಿ ಪರೀಕ್ಷಿಸಿದರು.

"ಅಷ್ಟು ದೂರ ಹೋಗಿದ್ದೇ ಹೋದೆ," ಎಂದರು, "ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರೋಕಾಗ್ಲಿಲ್ವೇನೇ?"

ವಿಮಲೆ ಸೈಕಲ್ಲನ್ನು ತಿರುಗಿಸಿದಳು.